ಕೆಂಪು ಹಣ್ಣು, ಬೂದಿ ಬಣ್ಣ

ದುಡ್ಡು ಕೊಟ್ಟು ನನ್ನ ಹತ್ರ ಫೋಟೋ ತೆಗೆಸ್ತಿರೋದು ಇದೇ ಮೊದಲು. ಚಿಕ್ಕಮಗಳೂರಿನ ಆಲ್ದೂರು ಕಡೆ ಒಂದು ತೋಟ, ಅರೇಬಿಕಾ ಕಾಫಿ ಕೊಯ್ಲಿನ ಟೈಮು, ಯಜಮಾನ್ರು ಹೇಳಿದ್ದು ಇಷ್ಟೇ, "ನೋಡಪ್ಪಾ, ನಮ್ಮಪ್ಪನ ಕಾಲದ ಫೋಟೋ ಹಾಲಲ್ಲಿದೆ, ಅದ್ರ ಪಕ್ಕ ಹಾಕೋ ಹಂಗಿರ್ಬೇಕು, ಕಲರ್ ಬೇಡ." ಖುಷಿಲಿ ಅಡ್ವಾನ್ಸ್ ಇಸ್ಕೊಂಡು ಇಲ್‌ಫೋರ್ಡ್ ಎಚ್‌ಪಿ5 ಅನ್ನೋ ಬ್ಲಾಕ್ ಅಂಡ್ ವೈಟ್ ಫಿಲ್ಮ್ ರೋಲ್ ತರಿಸ್ದೆ.

ಆಮೇಲೆ ಹೊಳೀತು ಕಷ್ಟ ಎಲ್ಲಿದೆ ಅಂತ. ಗಿಡದಲ್ಲಿ ಹಣ್ಣು ಕೆಂಪಗೆ ಎದ್ದು ಕಾಣತ್ತೆ, ಆದ್ರೆ ಬ್ಲಾಕ್ ಅಂಡ್ ವೈಟಲ್ಲಿ ಆ ಕೆಂಪೂ ಎಲೆ ಹಸಿರೂ ಹೆಚ್ಚುಕಮ್ಮಿ ಒಂದೇ ಬೂದಿ ಬಣ್ಣ ಆಗ್ಬಿಡತ್ತೆ, ಹಣ್ಣೇ ಕಾಣ್ದಿದ್ರೆ ಅದು ಕೊಯ್ಲಿನ ಫೋಟೋ ಹೆಂಗಾಗತ್ತೆ? ಅದಕ್ಕೆ ರೆಡ್ ಫಿಲ್ಟರ್ ಹಾಕ್ದೆ, ಅದು ಕೆಂಪು ಬೆಳಕನ್ನ ಒಳಗೆ ಬಿಟ್ಟು ಹಸಿರನ್ನ ತಡೆಯತ್ತೆ, ಹಣ್ಣು ಬೆಳ್ಳಗೆ ಎಲೆ ಕಪ್ಪಗೆ ಬರತ್ತೆ. ಆದ್ರೆ ಸುಮಾರು 3 ಸ್ಟಾಪ್ ಬೆಳಕು ತಿಂದ್ಹಾಕತ್ತೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಆಗತ್ತೆ), ಐಎಸ್‌ಒ 400ರ ಫಿಲ್ಮು, ಅಂದ್ರೆ ಕಮ್ಮಿ ಬೆಳಕಲ್ಲೂ ನಡೆಯೋ ಫಿಲ್ಮು, ಜಾಸ್ತಿ ಬೆಳಕು ಬೇಡೋ 50ರ ಥರ ಆಗತ್ತೆ, ಸಿಲ್ವರ್ ಮರದ ನೆರಳಲ್ಲಿ ಅದು ಸಾಲಲ್ಲ, ಕುಯ್ಯೋರ ಕೈಯಂತೂ ಒಂದು ಕ್ಷಣ ನಿಲ್ಲಲ್ಲ. ಕೊನೆಗೆ ಗಿಡಕ್ಕೆ ಟ್ರೈಪಾಡು ಫಿಲ್ಟರು ಎರಡೂ, ಜನಕ್ಕೆ ಎರಡೂ ಇಲ್ದೆ, ಸಂಜೆ ಹಣ್ಣು ತೂಕ ಹಾಕೋ ಹೊತ್ತಲ್ಲಿ ತೆಗ್ದೆ.

"ನನ್ ಕೈ ಫೋಟೋದೊಂದು ಕಾಪಿ ಕೊಡಣ್ಣ" ಅಂದ್ರು ಹಣ್ಣು ಕುಯ್ಯೋ ಒಬ್ರು ಅಕ್ಕ. ಮೊದಲನೇ ಪ್ರಿಂಟ್ ಅವ್ರಿಗೇ ಕೊಟ್ಟೆ, ಎರಡನೇದು ಯಜಮಾನ್ರಿಗೆ.