ಆಲೆ ದಿಮ್ಮಿ ಬಂದ ದಿನ

ಬೆಂಗಳೂರು, ಫೆಬ್ರವರಿ 21, 2026, ಶನಿವಾರ

ಮಧ್ಯಾಹ್ನದ ಹೊತ್ತಿಗೆ ಆಲೆ ಮರದ ದಿಮ್ಮಿಗಳು ಮೈಸೂರು ರಸ್ತೆಯ ಸಾಮಿಲ್ಲಿಗೆ ಬಂದವು. ಚನ್ನಪಟ್ಟಣದ ಕಡೆಯ ಹೊಲದ ಬದುವಿನ ಮರ, ಕಡಿದದ್ದು ನಿನ್ನೆ ಸಂಜೆ. ತೊಗಟೆ ಕೆರೆದರೆ ಇನ್ನೂ ಹಾಲು ಒಸರುತ್ತಿತ್ತು. ಸಾಮಿಲ್ಲಿನ ಅಣ್ಣ ಅಳತೆ ನೋಡಿ, "ಇಲ್ಲೇ ಇಟ್ಟು ಹೋಗಿ ಸಾರ್, ನಾಳೆ ರಜಾ. ಸೋಮವಾರ ಕೊಯ್ದು ಕೊಡ್ತೀನಿ" ಅಂದರು. ತೇಗವೋ ಹೊನ್ನೆಯೋ ಆಗಿದ್ದರೆ ಆಗಲಿ ಅಂತ ಬಂದುಬಿಡುತ್ತಿದ್ದೆ. ಆಲೆ ಬಿಳಿ ಮರ, ಅದನ್ನು ಹಾಗೆ ಬಿಟ್ಟು ಬರೋಕಾಗಲ್ಲ. "ಇವತ್ತೇ ಆಗಬೇಕು ಅಣ್ಣಾ, ಸೋಮವಾರದ ಹೊತ್ತಿಗೆ ನೀಲಿ ಹಿಡಿದುಬಿಡುತ್ತೆ" ಅಂತ ಅಲ್ಲೇ ಕೂತೆ. ಅವರೂ ಒಳ್ಳೆಯವರು, ಊಟ ಮುಗಿಸಿ ಬಂದು ಗರಗಸಕ್ಕೆ ಹಾಕಿದರು.

ನೀಲಿ ಅಂದರೆ ಒಂದು ಥರದ ಬೂಷ್ಟು. ಕಡಿದ ತುದಿಯಿಂದ, ತೊಗಟೆ ಕಿತ್ತು ಹೋದ ಕಡೆಯಿಂದ ಒಳಗೆ ಇಳಿಯುತ್ತದೆ. ಮರದಲ್ಲಿ ಉಳಿದ ಸಕ್ಕರೆ, ಪಿಷ್ಟವೇ ಅದಕ್ಕೆ ಊಟ. ಮರದ ಗಟ್ಟಿತನಕ್ಕೆ ಅದರಿಂದ ಅಂಥ ಹಾನಿಯಿಲ್ಲ. ಹಾಗಾಗಿ ಬಾಗಿಲು, ಕಿಟಕಿ ಮಾಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ನಮ್ಮಂಥ ಇನ್ಲೇ ಕೆಲಸದವರಿಗೆ, ಅಂದರೆ ಒಂದು ಮರದಲ್ಲಿ ಕೊರೆದು ಬೇರೆ ಬಣ್ಣದ ಚೂರು ಕೂರಿಸಿ ಚಿತ್ರ ಮಾಡುವವರಿಗೆ, ಬಣ್ಣವೇ ಬಂಡವಾಳ. ಬೂದುನೀಲಿ ಗೆರೆ ಒಮ್ಮೆ ಬಿತ್ತು ಅಂದರೆ ತೋಪಡ ಹೊಡೆದು ಎಷ್ಟು ಹೆರೆದರೂ ಹೋಗುವುದಿಲ್ಲ. ಮರದ ತೇವ 20%ಕ್ಕಿಂತ ಕೆಳಗೆ ಇಳಿದರೆ ಈ ಬೂಷ್ಟು ಬೆಳೆಯಲಾರದು. ಅಲ್ಲಿಯವರೆಗೆ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ. ಬಿಳಿ ಮರ ಎಲ್ಲಿ ಸಿಗುತ್ತೆ ಅಂತ ತುಂಬ ಜನ ಕೇಳುತ್ತಾರೆ. ಸಿಗುವುದು ಕಷ್ಟವಲ್ಲ, ಬಿಳಿಯಾಗಿ ಉಳಿಸಿಕೊಳ್ಳುವುದೇ ಕಷ್ಟ.

ಈ ಬಿಳಿಗಾಗಿ ಇಷ್ಟು ಒದ್ದಾಡಲು ಕಾರಣ ಇದೆ. ಮೈಸೂರಿನ ಇನ್ಲೇಯಲ್ಲಿ ಕಪ್ಪು ಬೀಟೆಯ ಮೇಲೆ ಬಿಳಿ ಬರುತ್ತಿದ್ದದ್ದು ಆನೆ ದಂತದಿಂದ. 1986ರ ಕಾನೂನು ತಿದ್ದುಪಡಿ ನಮ್ಮ ಆನೆಗಳ ದಂತದ ವ್ಯಾಪಾರ ನಿಲ್ಲಿಸಿತು. 1991ರಲ್ಲಿ ಆಫ್ರಿಕಾದ ದಂತವೂ ನಿಂತಿತು. ನಿಲ್ಲಲೇಬೇಕಿತ್ತು. ಆಮೇಲೆ ಆ ಜಾಗಕ್ಕೆ ಪ್ಲಾಸ್ಟಿಕ್ಕೂ ಬಂತು. ಬೀಟೆಯ ಪಕ್ಕ ಪ್ಲಾಸ್ಟಿಕ್ ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಆಲೆ ನುಣುಪು ಮರ, ಅದರ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು. ಚನ್ನಪಟ್ಟಣದವರು ಅದನ್ನೇ ಕಡೆದು ಅರಗು ಹಚ್ಚಿ ಗೊಂಬೆ ಮಾಡುತ್ತಾರೆ. ಬಣ್ಣದ ಕೆಳಗೆ ಅಡಗಿ ಹೋಗುವ ಆ ಬಿಳಿಯನ್ನೇ ಮೇಲೆ ತಂದು ತೋರಿಸಬೇಕು ಅನ್ನುವುದು ನನ್ನ ಆಸೆ. ಇದೇ ಮರದ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರಂತೆ!

ಹಲಗೆ ಕೊಯ್ಸಿದ್ದು ಮುಕ್ಕಾಲು ಇಂಚಿಗೆ. ಇನ್ಲೇಗೆ ಅದಕ್ಕಿಂತ ದಪ್ಪ ಬೇಡ. ದಪ್ಪ ಎರಡರಷ್ಟಾದರೆ ಒಣಗುವ ಸಮಯ ಎರಡರಷ್ಟಕ್ಕಿಂತಲೂ ಜಾಸ್ತಿಯಾಗುತ್ತದೆ. ಟಾಟಾ ಏಸ್‌ನಲ್ಲಿ ಮನೆಗೆ ತಂದ ಕೂಡಲೇ ತುದಿಗಳಿಗೆ ಕರಗಿಸಿದ ಮೇಣ ಬಳಿದೆ. ನೀರು ತುದಿಯಿಂದ ಬೇಗ ಹೊರಟು ಹೋಗುತ್ತದೆ, ಮಧ್ಯದಿಂದ ನಿಧಾನ. ಆ ವ್ಯತ್ಯಾಸಕ್ಕೇ ತುದಿ ಬಿರಿಯುವುದು. ಹುಳು ಕೊರೆಯದಿರಲಿ ಅಂತ ಹಲಗೆಗಳ ಮೈಗೆ ಬೋರಾಕ್ಸ್, ಬೋರಿಕ್ ಆಮ್ಲ ಕರಗಿಸಿದ ನೀರನ್ನೂ ಹಚ್ಚಿದೆ.

ಮೊದಲ ವಾರ ಹಲಗೆಗಳನ್ನು ಮಲಗಿಸುವುದಿಲ್ಲ. ಟೆರೇಸಿನ ಶೀಟಿನ ಕೆಳಗೆ, ಬಿಸಿಲು ಬೀಳದ ಕಡೆ ಅಡ್ಡ ಕಂಬಿಗೆ ಎದುರುಬದುರು ಒರಗಿಸಿ ನಿಲ್ಲಿಸಿದ್ದೇನೆ. ಹಸಿ ಹಲಗೆ ಮಲಗಿಸಿ ನಡುವೆ ಪಟ್ಟಿ ಇಟ್ಟರೆ ಪಟ್ಟಿ ಕೂತ ಜಾಗದಲ್ಲಿ ಗಾಳಿ ಆಡದೆ ಅಡ್ಡಗೆರೆ ಮೂಡುತ್ತದೆ. ಬೀಟೆಯಲ್ಲಾದರೆ ಆ ಗೆರೆ ಯಾರಿಗೂ ಕಾಣುವುದಿಲ್ಲ. ಆಲೆಯಲ್ಲಿ ಅದು ಎದ್ದು ಕಾಣುತ್ತದೆ. ಮೈ ಆರಿದ ಮೇಲೆ ಮಲಗಿಸಿ, ಚೆನ್ನಾಗಿ ಒಣಗಿದ ಪಟ್ಟಿಗಳನ್ನು ಒಂದರ ಮೇಲೊಂದು ನೇರಕ್ಕೆ ಬರುವ ಹಾಗೆ ಇಟ್ಟು, ಮೇಲೆ ಸೈಜುಗಲ್ಲಿನ ಭಾರ ಹೇರಬೇಕು. ಪಟ್ಟಿ ಅತ್ತಿತ್ತ ಆದರೆ ಹಲಗೆ ಸೊಟ್ಟಗಾಗುತ್ತದೆ.

ಕಾಲವೂ ಈಗ ನಮ್ಮ ಕಡೆಗಿದೆ. ಕಳೆದ ಭಾನುವಾರ ಶಿವರಾತ್ರಿ ಮುಗಿಯಿತು, ಚಳಿ ಶಿವಶಿವ ಅಂತ ಹೊರಟಾಯ್ತು. ಇನ್ನು ಏಪ್ರಿಲ್ ಮಳೆಯವರೆಗೆ ಬೆಂಗಳೂರಿನ ಗಾಳಿಯಷ್ಟು ಒಳ್ಳೆಯ ಒಣಮನೆ ಬೇರೆ ಇಲ್ಲ. ಗಾಳಿಯ ತೇವ 40% ಇದ್ದರೆ ಮರ ನಿಧಾನವಾಗಿ ಸುಮಾರು 8%ಕ್ಕೆ ಬಂದು ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ 80% ಆದರೆ ಅದೇ ಮರ 16%ರ ಆಸುಪಾಸಿಗೆ ಹೋಗುತ್ತದೆ. ಜುಲೈನಲ್ಲಿ ಕೂರಿಸಿದ ತುಂಡು ಮಾರ್ಚಿಗೆ ಕುಗ್ಗಿ ಸಂದಿ ಬಿಡುವುದು ಇದಕ್ಕೇ.

ಮಾಯಿಶ್ಚರ್ ಮೀಟರ್ ಇದ್ದರೂ ನಾನು ತಕ್ಕಡಿಯನ್ನೇ ಜಾಸ್ತಿ ನಂಬುತ್ತೇನೆ. ಹಲಗೆಯ ನಡುವಿನಿಂದ ಸಣ್ಣ ಚೂರು ಕೊಯ್ದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. ಹೋದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವ ಎಷ್ಟು ಅಂತ ಗೊತ್ತಾಗುತ್ತದೆ.

ಆಲೆಯೊಂದೇ ಅಲ್ಲ, ಬೇರೆ ಬಿಳಿ ಮರಗಳೂ ಇವೆ. ಶಿವನೆ ಒಣಹುಲ್ಲಿನ ಬಣ್ಣದ್ದು, ಒಣಗುವಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಅರಿಶಿನ ತೇಗ ಚೆಂದವೇ, ಆದರೆ ಹಳದಿ. ಸಪ್ತಪರ್ಣಿ ನಮ್ಮ ರಸ್ತೆಗಳಲ್ಲೇ ಇದೆ, ಬಣ್ಣವೂ ಬಿಳಿ. ಆದರೆ ತೀರಾ ಮೆದು, ಸಣ್ಣ ಚೂಪು ಅಂಚು ಕೊರೆದರೆ ನಿಲ್ಲುವುದಿಲ್ಲ. ನನಗೆ ಈಗ ಹುಚ್ಚು ಹಿಡಿಸಿರುವುದು ಕರಿಬೇವು ಮತ್ತು ನಿಂಬೆ. ಎರಡೂ ಗಟ್ಟಿ, ಎರಡೂ ನುಣುಪು. ದಿಮ್ಮಿ ಸಣ್ಣದಾದರೇನು, ಇನ್ಲೇಗೆ ಬೆರಳುದ್ದದ ಚೂರು ಸಾಕಲ್ವಾ? ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸುವಾಗ ಹಿತ್ತಲಿನ ಕರಿಬೇವು ಮೊದಲು ನೆಲಕ್ಕೆ ಬೀಳುತ್ತದೆ. ಡೆಬ್ರಿಸ್ ಲಾರಿಯಲ್ಲಿ ಹೋಗುವ ಆ ಕಾಂಡ ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಂದು ಮಾತು. ಮರ ಎಲ್ಲಿಂದ ಬಂದರೂ ಕಾಗದ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದಲ್ಲೂ ಬಹುತೇಕ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಯಾವ ಮರ ಅಂತಲೇ ಅನುಮಾನ ಇದ್ದರೆ ಮಲ್ಲೇಶ್ವರಂ 18ನೇ ಅಡ್ಡರಸ್ತೆಯ ಐಡಬ್ಲ್ಯೂಎಸ್‌ಟಿ ಇದೆ, ಮರದ ಸಂಶೋಧನೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಬಸವನಗುಡಿಯಲ್ಲಿ ಮುಂದಿನ ವಾರ ಒಂದು ಹಳೇ ಮನೆ ಕೆಡವುತ್ತಾರಂತೆ. ಹಿತ್ತಲಲ್ಲಿ ತೊಡೆ ಗಾತ್ರದ ಕರಿಬೇವು ಇದೆ ಅಂತ ನಮ್ಮ ಆಚಾರ್ರು ಹೇಳಿದರು. ನಾಳೆ ಬೆಳಿಗ್ಗೆ ಮೇಸ್ತ್ರಿಗೆ ಫೋನ್ ಮಾಡಬೇಕು. ಕಡಿದ ದಿನವೇ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ ಅಂತ.