ಬಂಪರಿಗೆ ಸುತ್ತಿದ ಕೂದಲು

ಬೆಳಿಗ್ಗೆ ಸಿಗ್ನಲ್‌ನಲ್ಲಿ ಮುಂದೆ ನಿಂತಿದ್ದ ಟೆಂಪೋ ಬಂಪರಿಗೆ ಕಪ್ಪು ಕೂದಲಿನ ಹಗ್ಗ ಸುತ್ತಿತ್ತು. ದೃಷ್ಟಿ ತಾಗದಿರಲಿ ಅಂತ. ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದೆ, ಒಂದು ತುದಿ ಬಿಚ್ಚಿಕೊಂಡು ನಂಬರ್ ಪ್ಲೇಟ್ ಮೇಲೆ ಜೋತಾಡ್ತಿದೆ. ಇದನ್ನ ಕಂಡಾಗಲೆಲ್ಲ ನನಗೆ ಶೀಲಾ ಗೌಡ ನೆನಪಾಗ್ತಾರೆ.

ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನ ಕಲಾವಿದೆ. ಇಂಥದ್ದೇ ಹಗ್ಗ ಸುಮಾರು 4,000 ಮೀಟರ್, ಜೊತೆಗೆ 20 ಕಾರ್ ಬಂಪರ್, ಅಷ್ಟೇ ಇಟ್ಟುಕೊಂಡು ‘ಬಿಹೋಲ್ಡ್’ ಅನ್ನೋ ಕಲಾಕೃತಿ ಮಾಡಿದರು. 2009ರಲ್ಲಿ ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿನಾಲೆಗೂ ಹೋಯ್ತು. ಯಾರ್ಯಾರೋ ಹರಕೆ ಹೊತ್ತು ದೇವರಿಗೆ ಕೊಟ್ಟ ಮುಡಿ ಅದು. ಗೋಡೆ ಮೇಲೆ ಅಷ್ಟು ಭಾರದ ಸ್ಟೀಲನ್ನ ಕೂದಲೇ ಹಿಡಿದು ನಿಲ್ಲಿಸಿದೆ.

ಆದ್ರೆ ನನ್ನನ್ನ ಹೆಚ್ಚು ಕಾಡೋದು ಅವರು 1998ರಲ್ಲಿ ಶುರು ಮಾಡಿದ ದಾರದ ಕೆಲಸ. ಸೂಜಿ ಕಣ್ಣಿಗೆ ದಾರ ಪೋಣಿಸಿ, ಮೊಳ ಎರಡು ಮೊಳ ಅಲ್ಲ, ಮೀಟರುಗಟ್ಟಲೆ ಎಳೀತಾ ಹೋಗಿ ಸೂಜಿಯನ್ನ ನಟ್ಟನಡುವೆ ತರೋದು. ಅಂಥ ಎಳೆಗಳನ್ನೆಲ್ಲ ಒಟ್ಟು ಸೇರಿಸಿ ಕುಂಕುಮ, ಅಂಟು ಹಚ್ಚಿದರೆ ಕೆಂಪು ಹಗ್ಗ. ತುದಿಯಲ್ಲಿ ಸೂಜಿಗಳ ಗೊಂಚಲು. (ನಾನು ನೋಡಿರೋದು ಫೋಟೋದಲ್ಲಷ್ಟೇ.) ಕೊನೆಗೆ ನೋಡುವವರಿಗೆ ಕಾಣೋದು ಹಗ್ಗ. ಎಳೆದ ಗಂಟೆಗಳ ಲೆಕ್ಕ ಬೆರಳಿಗೇ ಗೊತ್ತು.

ನಿನ್ನೆ ರಾತ್ರಿ ಅಂಗಿಗೆ ಒಂದು ಗುಂಡಿ ಹಾಕೋಣ ಅಂತ ಕೂತೆ. ಹತ್ತು ನಿಮಿಷವಾದ್ರೂ ಸೂಜಿಗೆ ದಾರ ಹೋಗಲಿಲ್ಲ. ಅಮ್ಮ ಕೈಯಿಂದ ಕಿತ್ತುಕೊಂಡು, ತುದಿಯನ್ನ ಬಾಯಲ್ಲಿ ಒದ್ದೆ ಮಾಡಿ, ಕನ್ನಡಕವೂ ಇಲ್ಲದೆ ಒಂದೇ ಸಲಕ್ಕೆ ಪೋಣಿಸಿಬಿಟ್ಟಳು!