ಹೆಬ್ಬೆರಳಿಗೂ ಸ್ವಲ್ಪ ಜಾಗ
ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಮುಗಿಸಿ ಚಿಕ್ಕಪ್ಪ ಫೋನಲ್ಲಿ ದುಡ್ಡು ಬಂತಾ ಅಂತ ನೋಡ್ತಿದ್ರು. ಗಿಡದ ಕರೆ ಹತ್ತಿ, ಒಡೆದ ಹೆಬ್ಬೆರಳು. 'ಮುಂದೆ' ಒತ್ತಿದ್ರೆ ಪಕ್ಕದ 'ರದ್ದು' ಒತ್ತಿಕೊಳ್ಳುತ್ತೆ. "ನನ್ನ ಬೆರಳೇ ದಪ್ಪ ಬಿಡಪ್ಪ" ಅಂದ್ರು. ಪಾಪ, ಬಟನ್ ಮಾಡಿದೋರನ್ನ ಯಾರೂ ಬೈಯಲ್ಲ!

ವೆಬ್ ಎಲ್ಲರಿಗೂ ಬಳಸೋಕೆ ಆಗ್ಬೇಕು ಅಂತ ಇರೋ ಮಾರ್ಗಸೂಚಿ ಡಬ್ಲ್ಯೂಸಿಎಜಿ. 2023ರಲ್ಲಿ ಬಂದ ಅದರ 2.2 ಆವೃತ್ತಿ ನಡುವಿನ ಎಎ ಮಟ್ಟಕ್ಕೆ ಬಟನ್‌ಗೆ ಕೇಳೋದು 24 ಸಿಎಸ್‌ಎಸ್ ಪಿಕ್ಸೆಲ್ (ವೆಬ್ ಪುಟದ ಅಳತೆ) ಅಗಲ, ಅಷ್ಟೇ ಎತ್ತರ. ಬಟನ್ ಅದಕ್ಕಿಂತ ಚಿಕ್ಕದಿದ್ರೆ ಸುತ್ತ ಸಾಕಷ್ಟು ಅಂತರ. ನನ್ನ ಕೇಳಿದ್ರೆ ಅದೂ ಜುಗ್ಗತನವೇ. ಎಲ್ಲಕ್ಕಿಂತ ಮೇಲಿನ ಎಎಎ ಮಟ್ಟದ 44 ವಾಸಿ. ಆಂಡ್ರಾಯ್ಡ್‌ನವರು ಹೇಳೋ 48 ಡಿಪಿ (ಆ ಫೋನ್‌ಗಳ ಪರದೆ ಅಳತೆ) ಅಂದ್ರೆ ಸುಮಾರು 9 ಮಿ.ಮೀ. ಐಕಾನ್ ಚಿಕ್ಕದೇ ಇರಲಿ, ಸುತ್ತ ಪ್ಯಾಡಿಂಗ್, ಅಂದ್ರೆ ಖಾಲಿ ಜಾಗ, ಕೊಟ್ಟು ಒತ್ತೋ ಜಾಗ ಹಿಗ್ಗಿಸಬಹುದು. ಜಾಹೀರಾತಿಗೆ ಅರ್ಧ ಸ್ಕ್ರೀನ್ ಬಿಡೋರಿಗೆ ಇದಕ್ಕೆ ಮಾತ್ರ ಜಾಗ ಸಾಲದಂತೆ.